ಪೆಡಲ್ ತಿರುಗುವಷ್ಟು ಹೊತ್ತು

ಜನವರಿ ೮

ಮತ್ತೆ ಫೇಲ್.

ಆರು ವರ್ಷದಿಂದ ಈ ಆಸ್ಪತ್ರೆಯಲ್ಲಿ ಮುರಿದ ಕಾಲುಗಳನ್ನ ನಡೆಸ್ತಾ ಇದ್ದೀನಿ. ಫಿಸಿಯೋಥೆರಪಿ ಸಹಾಯಕಿ, ತಾತ್ಕಾಲಿಕ. ಆ ‘ತಾತ್ಕಾಲಿಕ’ ಅನ್ನೋ ಬಾಲ ಉದುರಬೇಕಾದ್ರೆ ಇಂಗ್ಲಿಷ್ ಮಾತಿನ ಪರೀಕ್ಷೆ ಪಾಸಾಗಬೇಕಂತೆ. ಎರಡು ನಿಮಿಷ ಮಾತು, ಆಮೇಲೆ ಪ್ರಶ್ನೆ. ವಿಷಯ ಕೂಡ ಮೊದಲೇ ಕೊಟ್ಟಿರ್ತಾರೆ: ಸೈಕಲ್. ಇಷ್ಟು ಸುಲಭ ಮಾಡಿಟ್ಟಿದ್ದರೂ ಎರಡು ಸಲ ಡುಮ್ಕಿ ಹೊಡೆದಿದ್ದೀನಲ್ಲ, ನನ್ನ ಪ್ರತಿಭೆಗೆ ಏನನ್ನಬೇಕು! ಏಪ್ರಿಲ್‌ನಲ್ಲಿ ಮೂರನೇದು, ಕೊನೇದು. ಅದೂ ಹೋದ್ರೆ ನನ್ನ ಜಾಗಕ್ಕೆ ಸರ್ಟಿಫಿಕೇಟ್ ಇರೋ ಬೇರೆ ಯಾರೋ ಬರ್ತಾರೆ, ನಾನು ಮನೆ ದಾರಿ ಹಿಡೀಬೇಕು.

ತಪ್ಪು ನನ್ನೊಬ್ಬಳದ್ದಾ? ಕೋಚಿಂಗ್ ಮೇಷ್ಟ್ರು ಇಡೀ ಬ್ಯಾಚಿಗೆ ಒಂದೇ ಉತ್ತರ ಉರು ಹೊಡೆಸಿದ್ರು. ‘ನನಗೆ ಹತ್ತು ವರ್ಷವಾದಾಗ ನನ್ನ ತಾತ ಒಂದು ಕೆಂಪು ಸೈಕಲ್ ಕೊಟ್ಟರು. ಮೊದಲ ದಿನವೇ ಬಿದ್ದು ಮಂಡಿ ತರಚಿಕೊಂಡೆ. ಅದು ನನಗೆ ಸೋಲನ್ನು ಎದುರಿಸಲು ಕಲಿಸಿತು.’ ನನ್ನ ಮುಂದೆ ಒಳಗೆ ಹೋದವರಿಗೆಲ್ಲ ತಾತ ಇದ್ದ, ಎಲ್ಲರಿಗೂ ಕೆಂಪು ಸೈಕಲ್ ಕೊಡಿಸಿದ್ದ, ಎಲ್ಲರೂ ಮೊದಲ ದಿನವೇ ಬಿದ್ದಿದ್ರು. ನಾನು ಬಾಯಿ ತೆಗೆದು ಕೆಂಪು ಅಂದಿದ್ದೇ ತಡ, ಪರೀಕ್ಷಕಿ ಪೆನ್ನು ಕೆಳಗಿಟ್ಟು ನಕ್ಕರು. ಕೆಟ್ಟ ನಗು ಅಲ್ಲ, ಸುಸ್ತಾದ ನಗು. ಆಮೇಲೆ ಮೆತ್ತಗೆ ಕೇಳಿದ್ರು: “ಯಾವ ಮಂಡಿ?”

ಯಾವ ಮಂಡಿ! ಬೆಳಗಿಂದ ಸಂಜೆ ತನಕ ಮಂಡಿಗಳನ್ನೇ ಹಿಡಿದು ಮಡಚಿ ಬಿಡಿಸಿ ಹೊಟ್ಟೆ ಹೊರೆಯೋ ನಾನು, ಎಡದ್ದಾ ಬಲದ್ದಾ ಅಂತ ಹೇಳೋಕಾಗದೆ ಎರಡೂ ಮಂಡಿ ಮುಟ್ಟಿ ತೋರಿಸಿದೆ. ಗಿಣಿಪಾಠದಲ್ಲಿ ಅದು ಇರಲಿಲ್ಲ.

ಜನವರಿ ೯

ಮನೆಯಲ್ಲಿ ಹೇಳಿದೆ. ಇವರು ಹೊಲಿಗೆ ಮೆಷಿನ್ ನಿಲ್ಲಿಸಿ, “ಹೋಗ್ಲಿ ಬಿಡು, ಇನ್ನೊಂದು ಸಲ ಇದೆಯಲ್ಲ” ಅಂದ್ರು. ಆ ದನಿಯಲ್ಲೇ ಗೊತ್ತಾಯ್ತು, ಇವರಿಗೂ ಎದೆ ಹಾರಿದೆ ಅಂತ. ಹೊಲಿಗೆ ಅಂಗಡಿ ಕೆಲಸ ಒಂದು ದಿನ ಇದ್ರೆ ಇನ್ನೊಂದು ದಿನ ಇಲ್ಲ.

ಅತ್ತೆಗೆ ಮಾತ್ರ ಬೇರೆ ಚಿಂತೆ. ನಾನು ಎರಡು ತಿಂಗಳಿಂದ ಗೋಡೆ ನೋಡಿಕೊಂಡು ಒದರ್ತಿದ್ದದ್ದರ ಅರ್ಥವನ್ನ ಇವತ್ತು ಮಗನ ಹತ್ರ ಕೇಳಿ ತಿಳ್ಕೊಂಡ್ರು. ತಿಳ್ಕೊಂಡು ಮುಖ ದಪ್ಪ ಮಾಡಿಕೊಂಡು ನನ್ನ ಮುಂದೆ ಬಂದು ನಿಂತ್ರು.

“ನಿಮ್ಮ ತಾತ ಸೈಕಲ್ ಕೊಡಿಸಿದ್ರಂತೆ?”

“ಅಯ್ಯೋ ಅತ್ತೆ, ಅದು ಸುಮ್ನೆ...”

“ಮದುವೆಯಾಗಿ ಬರುವಾಗ ಎರಡು ಟ್ರಂಕ್ ಬಂತು, ಒಂದು ಕುರ್ಚಿ ಬಂತು. ಸೈಕಲ್ ಬರಲೇ ಇಲ್ವಲ್ಲ. ನಿನ್ನ ತಮ್ಮ ಇಟ್ಕೊಂಡ್ನಾ?”

ಇಲ್ಲದ ಸೈಕಲ್ಲಿಗೆ ನನ್ನ ತಮ್ಮ ಕಳ್ಳನಾದ. ಇವರು ಮೆಷಿನ್ ಮೇಲೆ ತಲೆಯಿಟ್ಟು ನಕ್ಕಿದ್ದೇ ನಕ್ಕಿದ್ದು. ನಾನೂ ನಕ್ಕೆ. ನಗು ಮುಗಿದ ಮೇಲೆ ಅಡುಗೆಮನೆಗೆ ಹೋಗಿ ಸ್ವಲ್ಪ ಅತ್ತುಬಿಟ್ಟೆ.

ಜನವರಿ ೧೭

ವಾರ್ಡಿಗೆ ಒಬ್ಬ ಟೀಚರಮ್ಮ ಬಂದಿದ್ದಾರೆ. ಹೈಸ್ಕೂಲಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಿಯಾದವರು, ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದಾರೆ. ಆಪರೇಷನ್ ಚೆನ್ನಾಗಿ ಆಗಿದೆ. ಆದ್ರೆ ಬಾಯಿ! ನರ್ಸ್‌ಗಳು ಬರೆದ ಚೀಟಿಯಲ್ಲಿ ತಪ್ಪು ಹುಡುಕ್ತಾರೆ, ಡಾಕ್ಟರಿಗೆ ವಾಕ್ಯ ಮುಗಿಸಿ ಮಾತಾಡಿ ಅಂತ ಗದರ್ತಾರೆ. ಮದುವೆಯಾಗಿಲ್ಲ. ಒಬ್ಬ ತಂಗಿ ಇದ್ದಾರೆ, ಬಂದು ಹೋಗಿ ಮಾಡ್ತಾರೆ.

ನಮ್ಮ ಫಿಸಿಯೋಥೆರಪಿ ರೂಮಿನಲ್ಲಿ ಕಿಟಕಿ ಪಕ್ಕ ವ್ಯಾಯಾಮದ ಸೈಕಲ್ ಇದೆ. ಚಕ್ರ ನೆಲ ಮುಟ್ಟಲ್ಲ, ಕಾಲು ಆಡಿಸೋದಕ್ಕಷ್ಟೇ. ಪೆಡಲ್ ತುಳಿದರೆ ಗರಗರ ಅಂತ ಸದ್ದು. ಇವತ್ತು ಅವರನ್ನ ಎತ್ತಿ ಅದರ ಮೇಲೆ ಕೂರಿಸಿದೆ. ಎರಡು ಕೈಯಲ್ಲೂ ಹ್ಯಾಂಡಲ್ ಅಮುಕಿ ಹಿಡಿದು, ಬೆರಳ ಗಂಟು ಬೆಳ್ಳಗಾಗೋ ಹಾಗೆ, ಸುಮ್ಮನೆ ಕೂತರು.

“ತುಳೀರಿ ಮೇಡಂ.”

“ಯಾಕೆ?”

“ಕಾಲಿಗೆ ಬಲ ಬರುತ್ತೆ.”

“ಇದು ಹೋಗುತ್ತಾ ಎಲ್ಲಿಗಾದ್ರೂ?”

“ಇಲ್ಲ.”

“ಮತ್ಯಾಕೆ?”

ಕೂತಷ್ಟು ಹೊತ್ತು ಒಂದು ಸುತ್ತೂ ತುಳಿಯಲಿಲ್ಲ. ವಾಪಸ್ ಗಾಲಿಕುರ್ಚಿಗೆ ಇಳಿಸುವಾಗ ನನ್ನ ತೋಳನ್ನ ಎಷ್ಟು ಗಟ್ಟಿಯಾಗಿ ಹಿಡಿದಿದ್ರು ಅಂದ್ರೆ ಈಗಲೂ ಕೆಂಪಗಿದೆ. ಹಟ ಅಲ್ಲ ಅದು, ಹೆದರಿಕೆ. ಆರು ವರ್ಷದಲ್ಲಿ ಅಷ್ಟು ಗೊತ್ತಾಗಿದೆ ನನಗೆ.

ಜನವರಿ ೧೯

ಇವತ್ತು ನಡೆದದ್ದನ್ನ ಯಾರಿಗೆ ಹೇಳಿದ್ರೂ ನಂಬಲ್ಲ. ನನಗೇ ನಂಬಿಕೆ ಬರ್ತಿಲ್ಲ.

ಟೀಚರಮ್ಮ ಸೈಕಲ್ ಮೇಲೆ ಕಲ್ಲಿನ ಥರ ಕೂತಿದ್ರು. ನಾನು ಬೇಜಾರಾಗಿ ಪಕ್ಕದ ಮೇಜು ಒರೆಸ್ತಾ ನನ್ನ ಪಾಠ ಗೊಣಗ್ತಿದ್ದೆ. ತಾತ ಸೈಕಲ್ ಕೊಟ್ಟ ಜಾಗಕ್ಕೆ ಬಂದೆ, “ಹ್ಯಾಸ್ ಗಿವನ್” ಅಂದೆ. ಹಿಂದಿನಿಂದ ಗುಡುಗಿದ ಹಾಗೆ: “ಗೇವ್!”

ಬೆಚ್ಚಿಬಿದ್ದು ತಿರುಗಿದೆ. ಅವರು ಮುಖ ಕೆಂಪಗೆ ಮಾಡಿಕೊಂಡು, “ತಾತ ಯಾವತ್ತೋ ಕೊಟ್ಟಾಯ್ತು. ಕಥೆ ಮುಗೀತು. ಗೇವ್! ಮುಂದೆ ಹೇಳು” ಅಂದ್ರು. ಹೇಳ್ತಾ ಹೋದೆ. ತಪ್ಪಿದಾಗೆಲ್ಲ ಕೋಪ. ಕೋಪ ಬಂದಾಗೆಲ್ಲ ಏನೋ ಗರಗರ ಅಂತು. ನೋಡ್ತೀನಿ, ಅವರ ಕಾಲು ಪೆಡಲನ್ನ ಒಂದು ಸುತ್ತು ತುಳಿದಿದೆ! ಅವರಿಗೇ ಅರಿವಿಲ್ಲ. ನಾನು ಮಾತು ನಿಲ್ಲಿಸಿದೆ. ಪೆಡಲ್ಲೂ ನಿಂತಿತು. ಮತ್ತೆ ಮಾತಾಡಿದೆ, ಮತ್ತೆ ಗರಗರ.

ಆಗ ತಲೆಗೆ ಹೊಳೀತು. ವಾಕ್ಯದ ಮಧ್ಯ ನಿಲ್ಲಿಸಿಬಿಟ್ಟೆ. ‘ನಾನು ಕೆಳಗೆ ಬಿದ್ದಾಗ ನನ್ನ...’ ಅಷ್ಟೇ. ಟೀಚರಮ್ಮ ಕಾದರು. ಕಣ್ಣು ಸಣ್ಣ ಮಾಡಿದ್ರು. “ನನ್ನ? ನನ್ನ ಏನು? ವಾಕ್ಯ ಅಲ್ಲೇ ನೇತಾಡ್ತಿದೆ, ಮುಗಿಸು!”

“ನೀವು ತುಳಿದ್ರೆ ಮುಗಿಸ್ತೀನಿ ಮೇಡಂ.”

ಅಬ್ಬಾ, ಆ ನೋಟ! ಸುಟ್ಟು ಬೂದಿ ಮಾಡಿಬಿಡ್ತಾರೆ ಅಂದ್ಕೊಂಡೆ. ಆದ್ರೆ ನಲವತ್ತು ವರ್ಷ ಮಕ್ಕಳ ವಾಕ್ಯ ತಿದ್ದಿದ ಜೀವ, ಅರ್ಧ ವಾಕ್ಯವನ್ನ ಹಾಗೇ ನೇತಾಡೋಕೆ ಬಿಡೋದು ಅವರ ಕೈಲಿ ಆಗಲಿಲ್ಲ. ಹಲ್ಲು ಕಚ್ಚಿ ತುಳಿದ್ರು. ನಾನು ವಾಕ್ಯ ಮುಗಿಸಿ ಮಂಡಿ ತರಚಿಕೊಂಡೆ.

ಜನವರಿ ೨೦

ಒಪ್ಪಂದ ಆಯ್ತು. ಪೆಡಲ್ ತಿರುಗುವಷ್ಟು ಹೊತ್ತು ನಾನು ಇಂಗ್ಲಿಷ್ ಮಾತಾಡಬೇಕು, ಅವರು ತಿದ್ದಬೇಕು. ಪೆಡಲ್ ನಿಂತರೆ ನನ್ನ ಬಾಯಿ ಬಂದ್, ಎಲ್ಲಿದ್ದರೆ ಅಲ್ಲೇ. “ಇದು ಬ್ಲ್ಯಾಕ್‌ಮೇಲ್” ಅಂದ್ರು ಟೀಚರಮ್ಮ. ಹೌದು ಅಂದೆ.

ಜನವರಿ ೨೯

ಕೆಂಪು ಸೈಕಲ್ಲಿನ ಕಥೆ ಮುಗಿದುಹೋಯ್ತು. ಎಷ್ಟಂತ ಎಳೆಯೋದು? ಇವತ್ತು ಟೀಚರಮ್ಮ ನೇರ ಕೇಳಿದ್ರು, “ಆ ಸೈಕಲ್ಲಿನ ಬೆಲ್ ಯಾವ ಕಡೆ ಇತ್ತು?”

“ಬಲಕ್ಕೆ” ಅಂದೆ. “ಅಲ್ಲ, ಎಡಕ್ಕೆ.”

“ನಿನಗೆ ಸೈಕಲ್ಲೇ ಇರಲಿಲ್ಲ.”

“ಇರಲಿಲ್ಲ.”

“ತಾತ?”

“ತಾತ ಇದ್ರು. ಏನೂ ಕೊಡಿಸಲಿಲ್ಲ.”

ಅವರು ನಗ್ತಾರೇನೋ ಅಂದ್ಕೊಂಡೆ. ನಗಲಿಲ್ಲ. “ಇಲ್ಲದ್ದರ ಬಗ್ಗೆ ಮಾತಾಡೋಕೆ ಹೋದ್ರೆ ನಾಲಿಗೆ ತೊದಲುತ್ತೆ. ವ್ಯಾಕರಣ ನಾನು ಕೊಡ್ತೀನಿ. ಸೈಕಲ್ ನೀನು ತಗೊಂಡು ಬಾ” ಅಂದ್ರು.

ಎಲ್ಲಿಂದ ತರಲಿ? ನನಗೆ ಸೈಕಲ್ ಹೊಡೆಯೋಕೂ ಬರಲ್ಲ.

ಫೆಬ್ರವರಿ ೨

ಕೆಲಸ ಮುಗಿಸಿ ಬರುವಾಗ ಚೌಕದ ಹತ್ತಿರ ಸೈಕಲ್ ನೋಡ್ತಾ ನಿಂತುಬಿಟ್ಟೆ. ನಾಳೆ ಟೀಚರಮ್ಮನಿಗೆ ಹೇಳೋಕೆ ಏನಾದ್ರೂ ಬೇಕಿತ್ತು, ಅಷ್ಟೇ. ಒಂದೆರಡು ನೋಡಿ ಹೊರಡೋಣ ಅಂತಿದ್ದೆ. ಬೀದಿದೀಪ ಹತ್ತೋ ತನಕ ನಿಂತಿದ್ದೆ ನೋಡು!

ಇಷ್ಟು ವರ್ಷ ಕಣ್ಣಿದ್ದೂ ಕುರುಡಿ ನಾನು. ಒಬ್ಬ ಕನ್ನಡಿ ಅಂಗಡಿಯವನು ಆಳೆತ್ತರದ ಕನ್ನಡಿಯನ್ನ ಒಂದು ಕೈಯಲ್ಲಿ ಅವುಚಿಕೊಂಡು, ಇನ್ನೊಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ಹೋದ. ಕನ್ನಡಿಯೊಳಗೆ ಇಡೀ ಬೀದಿ ಅವನ ಜೊತೆ ಹೋಗ್ತಿತ್ತು. ಒಬ್ಬಳು ಮುಂದೆ ಮಗು, ಹಿಂದೆ ಮೂಟೆ ಇಟ್ಟುಕೊಂಡು, ಗಾಳಿಗೆ ಕಣ್ಣು ಕಿರಿದು ಮಾಡಿಕೊಂಡು ಹೋದಳು. ಮಗು ನಿದ್ದೆ ಮಾಡ್ತಿತ್ತು. ಎರಡೇ ಎರಡು ಚಕ್ರ, ನೆಲಕ್ಕೆ ತಾಗೋದು ಹೆಬ್ಬೆರಳಗಲ. ನಿಲ್ಲಿಸಿದ್ರೆ ಧಡ್ ಅಂತ ಬೀಳುತ್ತೆ, ಹೋಗ್ತಾ ಇದ್ರೆ ಬೀಳಲ್ಲ! ಯಾರು ಹಿಡ್ಕೊಂಡಿರ್ತಾರೆ ಅದನ್ನ? ಯಾರೂ ಇಲ್ಲ. ಇದನ್ನ ನೋಡಿ ಜನ ಬಾಯಿ ಬಿಟ್ಟುಕೊಂಡು ನಿಲ್ಲಲ್ವಲ್ಲ, ಅದೇ ದೊಡ್ಡ ಆಶ್ಚರ್ಯ.

ತಡವಾಗಿ ಹೋಗಿದ್ದಕ್ಕೆ ಅತ್ತೆ ಬಾಗಿಲಲ್ಲೇ ನಿಂತಿದ್ರು. ಸೈಕಲ್ ನೋಡ್ತಿದ್ದೆ ಅಂದೆ. “ಯಾರದ್ದು, ನಿಮ್ಮ ತಾತಂದಾ?” ಅಂದ್ರು. ಬಿಡಲ್ಲ ಅವರು.

ಫೆಬ್ರವರಿ ೧೩

ಟೀಚರಮ್ಮನ ಕಾಲು ಚೆನ್ನಾಗಿ ಆಡ್ತಿದೆ. ಆದ್ರೆ ನನ್ನದು ಸಣ್ಣ ಸಣ್ಣ ವಾಕ್ಯ. ಚಕ್ಕಂತ ಮುಗಿದುಹೋಗುತ್ತೆ, ಅವರು ಚಕ್ಕಂತ ನಿಲ್ಲಿಸ್ತಾರೆ. ಅದಕ್ಕೇ ಒಂದು ಉಪಾಯ ಮಾಡಿದೀನಿ. ವಾಕ್ಯ ಉದ್ದ ಮಾಡೋದು. ‘ಕನ್ನಡಿಯವನು ಹೋದ’ ಅನ್ನೋ ಬದಲು, ‘ಕನ್ನಡಿಯವನು ಹೋದ, ಯಾಕಂದ್ರೆ’ ಅಂತ ಹಿಡ್ಕೊಳ್ಳೋದು, ಆಮೇಲೆ ‘ಆದರೂ’ ಹಾಕೋದು, ಅದಕ್ಕೆ ‘ಯಾರ ಹೆಂಡತಿ’ ಅಂತ ಒಂದು ಕೊಂಡಿ, ಅವಳಿಗೆ ‘ಒಂದು ವೇಳೆ’ ಅಂತ ಇನ್ನೊಂದು. ಪೂರ್ಣವಿರಾಮ ಹತ್ರ ಬಂತು ಅನ್ನುವಾಗ ಇನ್ನೊಂದು ಕೊಂಡಿ ಸಿಗಿಸಿಬಿಡೋದು. ಪಾಪ, ಅವರು ಬೆವರು ಒರೆಸ್ಕೋತಾ ತುಳೀತಾರೆ. ಇವತ್ತು ಒಂದೇ ವಾಕ್ಯದಲ್ಲಿ ಅವರಿಂದ ಇಡೀ ಬೀದಿ ದಾಟಿಸಿದೆ.

ಕೊನೆಗೆ ಅವರು ಹ್ಯಾಂಡಲ್ ಮೇಲೆ ಬಗ್ಗಿ ಏದುಸಿರು ಬಿಡ್ತಾ, “ಇದು ವಾಕ್ಯ ಅಲ್ಲ, ಗೂಡ್ಸ್ ಗಾಡಿ” ಅಂದ್ರು. ಸ್ವಲ್ಪ ಹೊತ್ತಾದ ಮೇಲೆ, “ಆದ್ರೆ ಎಲ್ಲೂ ಹಳಿ ತಪ್ಪಲಿಲ್ಲ” ಅಂತ ಸೇರಿಸಿದ್ರು. ನಾನು ತೊಡೆಯ ಸ್ನಾಯು ಎಷ್ಟು ಗಟ್ಟಿಯಾಗಿದೆ ಅಂತ ಮುಟ್ಟಿ ನೋಡ್ತಿದ್ದೆ. ತಿಂಗಳ ಹಿಂದೆ ನೆನೆದ ಬಟ್ಟೆ ಹಾಗಿತ್ತು ಅದು. ಈಗ ಕೈಯ ಕೆಳಗೆ ಮಿಡೀತಿದೆ. ಮೂಳೆ ಮುರಿದ ಮನುಷ್ಯರು ಮತ್ತೆ ಕೂಡಿಕೊಳ್ಳೋದನ್ನ ಎಷ್ಟು ಸಲ ನೋಡಿದ್ರೂ ನನಗೆ ಹಳೇದಾಗಿಲ್ಲ.

ಫೆಬ್ರವರಿ ೨೪

ಜಗಳ.

ನಡಿಗೆ ಕಲಿಸೋ ಜೋಡಿ ಸರಳುಗಳ ಹತ್ತಿರ ಡಾಕ್ಟರ್ ಬಂದು ನೋಡಿ, “ಎಲ್ಲ ಕೂಡಿದೆ ಮೇಡಂ. ಸರಳು ಬಿಟ್ಟು ನಿಲ್ಲಬಹುದು ನೀವು” ಅಂದ್ರು. ಟೀಚರಮ್ಮ ನಿಂತ್ರು, ಕೈ ಬಿಡಲಿಲ್ಲ. ಒಂದು ಬೆರಳೂ ಬಿಡಲಿಲ್ಲ. ನಾನು ಮೆಲ್ಲಗೆ ಒಂದೊಂದೇ ಬೆರಳು ಬಿಡಿಸೋಕೆ ಹೋದೆ. ಕಿರುಚಿಕೊಂಡ್ರು, “ಮುಟ್ಟಬೇಡ! ನೀನು ಬಿದ್ದಿದ್ದೀಯಾ ಯಾವತ್ತಾದ್ರೂ? ಬಿದ್ದು ಇಡೀ ಒಂದು ಹಗಲು ಬಚ್ಚಲ ಕಲ್ಲಿನ ಮೇಲೆ ಮಲಗಿದ್ದೀಯಾ? ಕೂಗಿ ಕೂಗಿ ಗಂಟಲು ಕಟ್ಟಿ?”

ನಾನು ಕೈ ಹಿಂದಕ್ಕೆ ತಗೊಂಡೆ. ತಂಗಿ ಬರೋ ತನಕ ಆ ಕಲ್ಲಿನ ಮೇಲೇ ಇದ್ದರಂತೆ. ಇಷ್ಟು ದಿನ ಹೇಳೇ ಇರಲಿಲ್ಲ ಪುಣ್ಯಾತ್ಗಿತ್ತಿ.

ಫೆಬ್ರವರಿ ೨೫

ಇವತ್ತು ಅವರೇ ಕರೆದು ಸೈಕಲ್ ತೋರಿಸಿದ್ರು. ಕೂರಿಸಿದೆ. ಜಗಳದ ಮಾತು ಇಬ್ಬರೂ ಎತ್ತಲಿಲ್ಲ.

ಮಾರ್ಚ್ ೬

ಬೀದಿಯ ಸೈಕಲ್‌ಗಳೂ ಮುಗಿದವು. ಇನ್ನು ಹೇಳೋಕೆ ಉಳಿದಿದ್ದು ಈ ಸೈಕಲ್ ಒಂದೇ, ಅವರು ಕೂತಿರೋದು. ಅದರ ಮೇಲೆ ಕೂತವರ ಕಥೆ ಶುರು ಮಾಡಿದೆ. ಎತ್ತರದಿಂದ ಬಿದ್ದ ಬಣ್ಣ ಬಳಿಯೋನು ಒಬ್ಬ ಇದ್ದ. ದಿನಾ ಅಳ್ತಿದ್ದ, ತುಳೀತಾ ತುಳೀತಾ ಅಳ್ತಿದ್ದ. ಹೋಗುವಾಗ ನಮ್ಮ ಕಿಟಕಿಗೆ ಪುಕ್ಕಟೆ ಬಣ್ಣ ಹೊಡೆದು ಹೋದ. ಹೆರಿಗೆಯಾದ ಮೇಲೆ ಕಾಲು ಸ್ವಾಧೀನ ತಪ್ಪಿದ್ದ ಒಬ್ಬಳು ಮಗುವನ್ನ ನನ್ನ ಕೈಗೆ ಕೊಟ್ಟು ಹತ್ತಿ ಕೂರ್ತಿದ್ದಳು. ಪೆಡಲ್ ಸದ್ದಿಗೆ ಮಗು ಮಲಗ್ತಿತ್ತು, ನಿಂತರೆ ಏಳ್ತಿತ್ತು. ಮಗು ಏಳಬಾರದು ಅಂತ ಅವಳು ತುಳಿದಿದ್ದು, ಕಾಲಿಗೋಸ್ಕರ ಅಲ್ಲ.

ಟೀಚರಮ್ಮ ಇವತ್ತು ತಿದ್ದೋದು ಮರೆತರು. ನಾನು ನಿಲ್ಲಿಸಿ, “ಮೇಡಂ, ತಪ್ಪು ಹೇಳಲೇ ಇಲ್ಲ ನೀವು” ಅಂದೆ. “ಸುಮ್ಮನಿರು, ಆ ಮಗು ಏನಾಯ್ತು ಹೇಳು” ಅಂದ್ರು. ಮೇಡಂಗೆ ವಯಸ್ಸಾಯ್ತು, ಗಮನ ಸಾಲ್ತಿಲ್ಲ ಅಂತ ಕಾಣುತ್ತೆ. ಪರೀಕ್ಷೆ ಹತ್ತಿರ ಬರುವಾಗ ಹೀಗೆ ಮಾಡಿದ್ರೆ ನನ್ನ ಗತಿ?

ಇನ್ನೊಂದು. ಮಧ್ಯಾಹ್ನ ಬೇರೆ ರಾಜ್ಯದ ಒಬ್ಬ ರೋಗಿಯ ಮಗಳು ಬಂದಿದ್ಲು, ನಮ್ಮ ಮಾತು ಬರಲ್ಲ ಅವಳಿಗೆ, ಇಂಗ್ಲಿಷ್ ಅಷ್ಟೇ. ಅಪ್ಪನ ಕಾಲಿಗೆ ಮನೆಯಲ್ಲಿ ಏನೇನು ಮಾಡಬೇಕು ಅಂತ ಪೂರ್ತಿ ವಿವರಿಸಿ ಕಳಿಸಿದೆ. ಪಾಪ, ಒಳ್ಳೇ ಹುಡುಗಿ, ಎರಡೂ ಕೈ ಹಿಡ್ಕೊಂಡು ಥ್ಯಾಂಕ್ಸ್ ಹೇಳಿದ್ಲು. ಇದರ ಗಲಾಟೆಯಲ್ಲಿ ನನ್ನ ಊಟ ತಡವಾಯ್ತು.

ಮಾರ್ಚ್ ೨೨

ಟೀಚರಮ್ಮ ಮನೆಗೆ ಹೋಗಿ ಎರಡು ವಾರ. ದಿನ ಬಿಟ್ಟು ದಿನ ತಂಗಿಯ ಜೊತೆ ಬರ್ತಾರೆ, ಊರುಗೋಲು ಹಿಡ್ಕೊಂಡು. ನಡೀತಾರೆ. ಆದ್ರೆ ಒಂದು ಕೈ ಊರುಗೋಲಿಗೆ, ಇನ್ನೊಂದು ಕೈ ಗೋಡೆಗೋ ಮೇಜಿಗೋ ನನ್ನ ತೋಳಿಗೋ. ಖಾಲಿ ಕೈ ಅಂತ ಯಾವತ್ತೂ ಇಲ್ಲ. ತಂಗಿ ಬದಿಗೆ ಕರೆದು ಹೇಳಿದ್ರು, ಮನೆಯಲ್ಲಿ ತಲೆ ಬಾಚಿಕೊಳ್ಳುವಾಗಲೂ ಕೂತೇ ಬಾಚ್ಕೋತಾರೆ, ನಿಂತರೆ ಎರಡು ಕೈ ಬೇಕಲ್ಲ ಅಂತ. ಡಾಕ್ಟರ್, “ಕಾಲು ನಾವು ಸರಿ ಮಾಡಬಹುದು, ಇದು ನಮ್ಮ ಕೈಲಿಲ್ಲ” ಅಂದ್ರು.

ಕೋಚಿಂಗ್ ಮೇಷ್ಟ್ರು ಫೋನ್ ಮಾಡಿದ್ರು. ಈ ಸಲ ಸೈಕಲ್ ನೀಲಿ ಮಾಡಿದ್ದಾರಂತೆ. ತಾತನ ಬದಲು ಸೋದರಮಾವ. ಹೊಸ ಉತ್ತರ ಕಳಿಸ್ಲಾ ಅಂದ್ರು. ನಗು ತಡೆದುಕೊಂಡು ಕಳಿಸಿ ಸರ್ ಅಂದೆ. ಹೆದರಿಕೆಗೆ ಅದನ್ನೂ ಉರು ಹೊಡೆದಿಟ್ಕೊಂಡೆ, ಯಾವುದಕ್ಕೂ ಇರಲಿ ಅಂತ.

ಏಪ್ರಿಲ್ ೪

ನಾಳೆ.

ಇವರು ನನಗೊಂದು ಹೊಸ ಕುರ್ತಾ ಹೊಲಿದು ಗೂಟಕ್ಕೆ ನೇತುಹಾಕಿದ್ದಾರೆ. ಅತ್ತೆ ಹತ್ರ ಬಂದು ಕೂತು, ಎಂದಿಲ್ಲದ ಮೆತ್ತಗಿನ ದನಿಯಲ್ಲಿ, “ಕೆಲಸ ಹೋದ್ರೆ ಹೋಗ್ಲಿ ಕಣೆ. ನೀನೇನು ಭಾರ ಅಲ್ಲ ನಮಗೆ” ಅಂದ್ರು. ಬೈದಿದ್ರೆ ಧೈರ್ಯ ಬರ್ತಿತ್ತು. ಈ ಮಾತು ಕೇಳಿ ಇದ್ದ ಧೈರ್ಯವೂ ಹೋಯ್ತು.

ಕೆಲಸ ಹೋಗಬಾರದು. ನನಗೆ ಆ ರೂಮು ಬೇಕು. ಬಿದ್ದವರು ಎದ್ದು ಹೋಗೋದನ್ನ ನೋಡ್ತಾ ಇರೋದು ಬೇಕು. ಬೇರೆ ಏನೂ ಬರಲ್ಲ ನನಗೆ, ಬರೋದೂ ಬೇಡ.

ಏಪ್ರಿಲ್ ೫

ಬರೀತೀನಿ, ಎಲ್ಲ ಬರೀತೀನಿ.

ಈ ಸಲ ಪರೀಕ್ಷಕ ಗಂಡಸು, ಸಣಕಲು. ಹಾಳೆಯಿಂದ ತಲೆಯೇ ಎತ್ತಲಿಲ್ಲ. “ಸೈಕಲ್ ಬಗ್ಗೆ ಮಾತಾಡಿ” ಅಂದ. ಬಾಗಿಲ ಹೊರಗೆ ಕೂತಿದ್ದಾಗ ನನ್ನ ಮುಂದಿನವರೆಲ್ಲ ನೀಲಿ ಸೈಕಲ್, ಸೋದರಮಾವ ಅಂತ ಜಪಿಸ್ತಿದ್ರು. ನನ್ನ ಬಾಯಿಗೂ ಸೋದರಮಾವ ಬಂದಿದ್ದ, ಇನ್ನೇನು ಹೊರಗೆ ಬೀಳಬೇಕು. ಆದ್ರೆ ಆ ಮನುಷ್ಯನ ಸುಸ್ತಾದ ಭುಜ ನೋಡಿ ಪಾಪ ಅನ್ನಿಸ್ತು. ಬೆಳಗಿಂದ ಎಷ್ಟು ಸೋದರಮಾವಂದಿರನ್ನ ಕೇಳಿದಾನೋ! “ನನ್ನ ಹತ್ತಿರ ಸೈಕಲ್ ಇಲ್ಲ. ನಾನು ಕೆಲಸ ಮಾಡುವ ಕಡೆ ಒಂದಿದೆ, ಅದು ಎಲ್ಲಿಗೂ ಹೋಗುವುದಿಲ್ಲ” ಅಂತ ಶುರು ಮಾಡಿದೆ.

ಚೆನ್ನಾಗೇ ಹೋಗ್ತಿತ್ತು. ಬಚ್ಚಲಲ್ಲಿ ಬಿದ್ದ ಒಬ್ಬ ಹಿರಿಯ ಹೆಂಗಸಿನ ಕಥೆಗೆ ಬಂದೆ. ‘ಅವರು ಮೊದಲ ಸಲ ತಮಗೇ ತಿಳಿಯದೆ ಪೆಡಲ್ ತುಳಿದಾಗ, ಅವರ ಮುಖ...’ ಅಂದೆ.

ಅಲ್ಲಿ ನಿಂತುಹೋಯ್ತು.

ಮರೆತಿದ್ದಲ್ಲ. ಪದ ನಾಲಿಗೆ ತುದಿಯಲ್ಲೇ ಇತ್ತು. ಆದ್ರೆ ಆ ರೂಮಿನಲ್ಲಿ ಗರಗರ ಸದ್ದಿಲ್ಲ! ಎರಡೂವರೆ ತಿಂಗಳು ಪೆಡಲ್ ತಿರುಗಿದ್ರೆ ಮಾತು, ನಿಂತರೆ ಬಂದ್ ಅಂತ ನಾನೇ ನಿಯಮ ಮಾಡಿ ನಾಲಿಗೆಗೆ ರೂಢಿ ಮಾಡಿಸಿದ್ದೀನಲ್ಲ, ಈಗ ಅದು ನನ್ನ ಮಾತೇ ಕೇಳ್ತಿಲ್ಲ. ಅರ್ಧ ವಾಕ್ಯ ಹಿಡ್ಕೊಂಡು ಎದುರಿಗಿರೋ ಮನುಷ್ಯ ಯಾವಾಗ ತುಳೀತಾನೋ ಅಂತ ಕಾಯ್ತಾ ಕೂತಿದ್ದೀನಿ, ಬೆಪ್ಪುತಕ್ಕಡಿ! ಮುಗೀತು, ಆರು ವರ್ಷ ನೀರುಪಾಲಾಯ್ತು ಅಂದ್ಕೊಂಡೆ.

ಪರೀಕ್ಷಕ ತಲೆ ಎತ್ತಿದ. ಹಾಳೆ ಬದಿಗೆ ಸರಿಸಿದ. ಮೇಜಿನ ಮೇಲೆ ಎರಡೂ ಮೊಣಕೈ ಊರಿ ಮುಂದಕ್ಕೆ ಬಗ್ಗಿ, “ಮುಖ? ಅವರ ಮುಖ ಹೇಗಾಯ್ತು?” ಅಂದ.

ಅವನ ಕೈಲೂ ತಡೆಯೋಕಾಗಲಿಲ್ಲ! ಅಷ್ಟು ಸಾಕಾಯ್ತು ನನಗೆ. ಆಮೇಲೆ ಯಾರು ನಿಲ್ಲಿಸ್ತಾರೆ? ಹೇಳಿದೆ, ಮುಖ ಹೇಗಾಯ್ತು ಅಂತ ಹೇಳಿದೆ. ಕೋಪದಲ್ಲಿದ್ದವರಿಗೆ ನೋವು ಮರೆತು ಹೋಗಿದ್ದು, ಮಗು ಮಲಗಲಿ ಅಂತ ತುಳಿದವಳು, ಅಳ್ತಾ ತುಳಿದ ಬಣ್ಣದವನು. ಸಮಯ ಮುಗಿದ ಬೆಲ್ ಆಯ್ತು. ಅವನು ಕೈ ಆಡಿಸಿ ಮುಂದುವರಿಸಿ ಅಂದ. ಆಮೇಲೆ ಏನೇನೋ ಕೇಳಿದ: ಆ ಹೆಂಗಸು ಈಗ ನಡೀತಾರಾ, ಹೆದರಿಕೆ ಹೋಯ್ತಾ ಅಂತ. ಹೆದರಿಕೆ ಇನ್ನೂ ಇದೆ, ಕೈ ಬಿಡಲ್ಲ, ಅದು ಹೇಗೆ ಹೋಗುತ್ತೋ ನನಗೂ ಗೊತ್ತಿಲ್ಲ ಅಂದೆ. ನಿಮಗೆ ಸೈಕಲ್ ಹೊಡೆಯೋಕೆ ಬರುತ್ತಾ ಅಂದ. ಬರಲ್ಲ ಅಂದೆ. ಜೋರಾಗಿ ನಕ್ಕ. ನಾನೂ ನಕ್ಕೆ.

ಅವನು ಕೇಳಿದ್ದೆಲ್ಲ ನೆನಪಿದೆ, ನಾನು ಹೇಳಿದ್ದೆಲ್ಲ ನೆನಪಿದೆ. ಯಾವ ಮಾತಿನಲ್ಲಿ ಹೇಳಿದೆ ಅನ್ನೋದೇ ನೆನಪಿಲ್ಲ. ಇಂಗ್ಲಿಷಲ್ಲೇ ಇರಬೇಕು, ಅವನಿಗೆ ನಮ್ಮ ಮಾತು ಬರಲ್ವಲ್ಲ.

ಏಪ್ರಿಲ್ ೬

ನಿದ್ದೆ ಇಲ್ಲ. ಮಧ್ಯ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಕೂತಿದ್ದಕ್ಕೆ ಎಷ್ಟು ಮಾರ್ಕ್ಸ್ ಕಡಿತಾರೋ. ಮೇಷ್ಟ್ರು ಹೇಳಿದ್ರು, ಹತ್ತು ಎಣಿಸೋ ಅಷ್ಟು ಹೊತ್ತು ಸುಮ್ಮನಿದ್ರೆ ಫೇಲ್ ಅಂತ. ನಾನು ಅದಕ್ಕಿಂತ ಹೆಚ್ಚು ಹೊತ್ತು ಸುಮ್ಮನಿದ್ದೆ. ಹೋಯ್ತು ಅಂತಲೇ ಇಟ್ಕೋಬೇಕು.

ಏಪ್ರಿಲ್ ೧೨

ಟೀಚರಮ್ಮ ಬಂದಾಗೆಲ್ಲ ಕೇಳ್ತಾರೆ, ರಿಸಲ್ಟ್ ಬಂತಾ ಅಂತ. ಇಲ್ಲ ಅಂತೀನಿ. ಅವರ ಮುಖ ನನ್ನದಕ್ಕಿಂತ ಸಣ್ಣಗಾಗುತ್ತೆ.

ಏಪ್ರಿಲ್ ೨೩

ಇವತ್ತು ಟೀಚರಮ್ಮನಿಗೆ ನಿಜವಾದ ಮೆಟ್ಟಿಲು. ಆಸ್ಪತ್ರೆಯ ಹಿಂಭಾಗದ್ದು, ಮಹಡಿಗೆ ಹೋಗೋದು. ಊರುಗೋಲು ಕೆಳಗೇ ಬಿಟ್ಟೆವು. ಅವರ ಒಂದು ಕೈ ಕಂಬಿಯ ಮೇಲೆ, ಇನ್ನೊಂದು ಕೈ ನನ್ನ ಮುಂಗೈ ಮೇಲೆ, ನಾನು ಒಂದು ಮೆಟ್ಟಿಲು ಹಿಂದೆ ಬೀಳದ ಹಾಗೆ ಅವರ ಸೊಂಟಕ್ಕೆ ಕಟ್ಟಿದ ಪಟ್ಟಿ ಹಿಡಿದು. ಒಳ್ಳೇ ಕಾಲು ಮೊದಲು, ಆಮೇಲೆ ಮುರಿದಿದ್ದ ಕಾಲು. ಅರ್ಧ ಹತ್ತಿರ್ತೀವಿ, ನನ್ನ ಜೇಬಿನಲ್ಲಿ ಫೋನ್ ಗುಂಯ್ ಅಂತು.

“ಅದೇ ಇರಬೇಕು” ಅಂದ್ರು ಟೀಚರಮ್ಮ.

“ಇರಲಿ ಮೇಡಂ. ಮೊದಲು ಮೆಟ್ಟಿಲು.”

“ತೆಗೆದು ನೋಡು.”

“ನಿಮ್ಮನ್ನ ಬಿಟ್ಟಾ? ಆಗಲ್ಲ. ಹತ್ತಿ.”

ಉಳಿದ ಮೆಟ್ಟಿಲುಗಳನ್ನ ಅವರು ಹೇಗೆ ಹತ್ತಿದ್ರು ಅಂತೀನಿ! ಅರ್ಧ ವಾಕ್ಯ ಕೇಳಿದಾಗ ತುಳೀತಿದ್ರಲ್ಲ, ಅದೇ ರಭಸ. ಮೇಲೆ ಮಹಡಿಯ ತಾರಸಿ, ಅಗಲವಾಗಿದೆ, ಬಿಸಿಲು ಬಿದ್ದಿತ್ತು. ಅಲ್ಲಿ ನಿಂತು ಫೋನ್ ತೆಗೆದೆ. ಪರೀಕ್ಷೆಯವರದೇ ಮೆಸೇಜ್. ಇಂಗ್ಲಿಷಲ್ಲಿ ಉದ್ದಕ್ಕೆ ಇದೆ. ಅಕ್ಷರ ಎಲ್ಲ ಒಂದಕ್ಕೊಂದು ಕಲಸಿಕೊಂಡ ಹಾಗೆ ಕಂಡಿತು. ಕಣ್ಣೆಲ್ಲ ಮಂಜು. ನನ್ನ ಕೈಲಾಗಲ್ಲ ಮೇಡಂ, ನೀವೇ ಓದಿ ಅಂತ ಫೋನ್ ಅವರ ಕೈಗೆ ತುರುಕಿ, ಹಿಂದಕ್ಕೆ ಸರಿದು ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡೆ.

ಎಷ್ಟು ಹೊತ್ತೋ. ಕೆಳಗೆ ಯಾರೋ ಟ್ರಾಲಿ ತಳ್ಳಿಕೊಂಡು ಹೋಗೋ ಸದ್ದು. ಆಮೇಲೆ ಅವರ ದನಿ, ಕ್ಲಾಸಿನಲ್ಲಿ ಓದೋ ಹಾಗೆ ಬಿಡಿಬಿಡಿಯಾಗಿ, ಮೊದಲ ಸಾಲು, ಎರಡನೇ ಸಾಲು. ಮೂರನೇದಕ್ಕೆ ಬಂದು ದನಿ ನಿಂತೇಹೋಯ್ತು. ವಾಕ್ಯದ ಮಧ್ಯ!

“ಮೇಡಂ! ಮುಗಿಸಿ!” ಅಂತ ಕೂಗಿ ಕಣ್ಣು ಬಿಟ್ಟೆ.

ಟೀಚರಮ್ಮ ಬಿಸಿಲಲ್ಲಿ ನಿಂತಿದ್ರು. ಒಂದು ಕೈಯಲ್ಲಿ ಫೋನ್ ಎತ್ತಿ ಹಿಡಿದಿದ್ರು, ಇನ್ನೊಂದು ಕೈಯಲ್ಲಿ ಕನ್ನಡಕ ಮೇಲಕ್ಕೆ ಸರಿಸಿ ಕಣ್ಣು ಒರೆಸ್ಕೋತಿದ್ರು. “ಪಾಸು ಕಣೆ” ಅಂದ್ರು. ಇಂಗ್ಲಿಷಲ್ಲ, ಮೇಡಂ ಗತ್ತಿಲ್ಲ, ಅಮ್ಮ ಹೇಳಿದ ಹಾಗೆ. “ಪಾಸಾಗಿದ್ದೀಯ. ಒಳ್ಳೇ ಮಾರ್ಕ್ಸ್ ಬಂದಿದೆ.” ನಾನು ಓ ಅಂತ ಅತ್ತುಬಿಟ್ಟೆ. ಅವರೂ ಅತ್ತರು. ಫೋನ್ ಬೀಸಿ ಬೀಸಿ, ಮೊದಲಿಂದ ಕೊನೇ ತನಕ ಮೂರು ಸಲ ಓದಿದ್ರು. ನರ್ಸ್ ಒಬ್ಬಳು ಓಡಿಬಂದು ಏನಾಯ್ತು ಏನಾಯ್ತು ಅಂದಳು. ಏನಂತ ಹೇಳೋದು?

ಮನೆಯಲ್ಲಿ ಇವರು ಅಂಗಡಿಗೆ ಬಾಗಿಲು ಹಾಕಿ ಬಂದಿದ್ದಾರೆ. ಅತ್ತೆ ಅಕ್ಕಪಕ್ಕದ ಮನೆಗೆಲ್ಲ ಹೇಳಿ ಬರೋಕೆ ಹೋಗಿದ್ದಾರೆ. ನಾನು ಬಾಗಿಲ ಹತ್ರ ಕೂತು ಇದನ್ನ ಬರೀತಿದ್ದೀನಿ. ಬರೀತಾ ಬರೀತಾ ಆ ಮಹಡಿ, ಆ ಬಿಸಿಲು ಮತ್ತೆ ಕಣ್ಣ ಮುಂದೆ ಬಂತು, ಕೈ ನಿಂತುಹೋಯ್ತು. ಅವರ ಒಂದು ಕೈಯಲ್ಲಿ ಫೋನ್. ಇನ್ನೊಂದು ಕೈಯಲ್ಲಿ ಕನ್ನಡಕ. ಕಂಬಿ ನಾಲ್ಕು ಹೆಜ್ಜೆ ಹಿಂದೆ, ಗೋಡೆ ನನ್ನ ಬೆನ್ನಿಗೆ. ಅಷ್ಟು ಹೊತ್ತೂ ಟೀಚರಮ್ಮನನ್ನ ಯಾರೂ ಹಿಡಿದಿರಲಿಲ್ಲ. ಅವರೂ ಏನನ್ನೂ ಹಿಡಿದಿರಲಿಲ್ಲ.